ಅಕಾಡೆಮಿಕ್ ವರ್ಡ್ ಲಿಸ್ಟ್ ವಿಮರ್ಶೆ: ಆಯ್ಕೆ ಗಟ್ಟಿ, ಆದರೆ ಹಾಗೇ ಉರು ಹೊಡೆಯುವಂಥದ್ದಲ್ಲ

ವಿದೇಶದಲ್ಲಿ ಓದಲು ಬರೆಯುವ ಐಇಎಲ್‌ಟಿಎಸ್ ಅಕಾಡೆಮಿಕ್‌ನಂಥ ಇಂಗ್ಲಿಷ್ ಪರೀಕ್ಷೆಗೆ ತಯಾರಾಗುವವರಿಗೆ ಎಲ್ಲರೂ ಕೊಡುವ ಸಲಹೆ ‘ಶಬ್ದಸಂಪತ್ತು ಹೆಚ್ಚಿಸಿಕೊಳ್ಳಿ’ ಎನ್ನುವುದು. ಯಾವ ಶಬ್ದ, ಎಷ್ಟು, ಯಾವ ಕ್ರಮದಲ್ಲಿ ಎಂದು ಕೇಳಿದರೆ ಉತ್ತರ ಸಿಗುವುದು ಕಷ್ಟ. ಈ ಮೂರು ಪ್ರಶ್ನೆಗೂ ಲೆಕ್ಕ ಹಾಕಿ ಉತ್ತರ ಕೊಟ್ಟಿರುವುದು ಅಕಾಡೆಮಿಕ್ ವರ್ಡ್ ಲಿಸ್ಟ್, ಅಂದರೆ ವಿಶ್ವವಿದ್ಯಾಲಯ ಮಟ್ಟದ ಪಠ್ಯಗಳಲ್ಲಿ ಹೆಚ್ಚಾಗಿ ಬರುವ ಇಂಗ್ಲಿಷ್ ಪದಗಳ ಪಟ್ಟಿ. ನ್ಯೂಜಿಲೆಂಡಿನ ವಿಕ್ಟೋರಿಯಾ ಯೂನಿವರ್ಸಿಟಿ ಆಫ್ ವೆಲಿಂಗ್ಟನ್‌ನಲ್ಲಿ ಏವ್ರಿಲ್ ಕಾಕ್ಸ್‌ಹೆಡ್ ಸಿದ್ಧಪಡಿಸಿದ ಈ ಪಟ್ಟಿ 2000ದಲ್ಲಿ ಪ್ರಕಟವಾಯಿತು. ಉಚಿತವಾಗಿಯೇ ಸಿಗುತ್ತದೆ. ಇದರಲ್ಲಿ 570 ಪದಕುಟುಂಬಗಳಿವೆ (ಕುಟುಂಬವೆಂದರೆ ಒಂದು ಮುಖ್ಯಪದ, ಜೊತೆಗೆ ಅದರಿಂದ ಹುಟ್ಟಿದ ಬೇರೆ ರೂಪಗಳು), ಅವನ್ನು ಹತ್ತು ಉಪಪಟ್ಟಿಗಳಾಗಿ ಹಂಚಿದ್ದಾರೆ. ಮೊದಲ ಒಂಬತ್ತರಲ್ಲಿ ತಲಾ 60, ಹತ್ತನೆಯದರಲ್ಲಿ 30.

ಇದನ್ನು ನಂಬಬಹುದೇ? ನಂಬಬಹುದು. ಕಲೆ, ವಾಣಿಜ್ಯ, ಕಾನೂನು, ವಿಜ್ಞಾನ ಎಂಬ ನಾಲ್ಕು ವಿಭಾಗಗಳ 28 ವಿಷಯಗಳಿಂದ ಸುಮಾರು 35 ಲಕ್ಷ ಪದಗಳಷ್ಟು ಪಠ್ಯವನ್ನು ಸೇರಿಸಿ ಎಣಿಸಿ ಮಾಡಿದ ಪಟ್ಟಿಯಿದು. ಒಂದು ಕುಟುಂಬಕ್ಕೆ ಇಲ್ಲಿ ಜಾಗ ಸಿಗಬೇಕಾದರೆ ಅದು ಒಟ್ಟು 100 ಸಲವಾದರೂ ಬಂದಿರಬೇಕು, ನಾಲ್ಕೂ ವಿಭಾಗಗಳಲ್ಲಿ ತಲಾ ಕನಿಷ್ಠ 10 ಸಲ ಕಾಣಬೇಕು, 28ರಲ್ಲಿ 15 ವಿಷಯಗಳಿಗಾದರೂ ಹರಡಿರಬೇಕು. ಒಂದೇ ಶಾಸ್ತ್ರದ ಪಾರಿಭಾಷಿಕ ಪದಗಳು ಈ ಜರಡಿಯಲ್ಲೇ ಉದುರಿಹೋಗುತ್ತವೆ. ಪರೀಕ್ಷೆಯಲ್ಲಿ ಯಾವ ವಿಷಯದ ಪ್ಯಾಸೇಜ್ ಬರುತ್ತದೋ ಗೊತ್ತಿಲ್ಲದವರಿಗೆ ಬೇಕಾಗಿರುವುದೂ ಹೀಗೆ ಎಲ್ಲ ಕಡೆ ಓಡಾಡುವ ಪದಗಳೇ.

ಆದರೆ 570 ಎಂಬ ಸಂಖ್ಯೆ ನೋಡಿ ಎಲ್ಲವನ್ನೂ ಒಂದೇ ತೂಕದಲ್ಲಿ ಕಲಿಯಲು ಹೊರಡಬೇಡಿ. ಉಪಪಟ್ಟಿಗಳನ್ನು ಜೋಡಿಸಿರುವುದು ಬಳಕೆಯ ಪ್ರಮಾಣದ ಮೇಲೆ. ಆ ಪಠ್ಯಸಂಗ್ರಹದಲ್ಲಿ ಇಡೀ ಪಟ್ಟಿ ಶೇ. 10ರಷ್ಟು ಪದಗಳನ್ನು ಆವರಿಸುತ್ತದೆ. ಅದರಲ್ಲಿ ಮೊದಲ ಉಪಪಟ್ಟಿಯೊಂದರದೇ ಶೇ. 3.6, ಎರಡನೆಯದರದು 1.8, ಮೂರನೆಯದರದು 1.2. ಐದು ಮುಗಿಸುವ ಹೊತ್ತಿಗೆ 300 ಕುಟುಂಬ, ಶೇ. 8.3. ಉಳಿದ 270 ಕುಟುಂಬಗಳಿಂದ ಸಿಗುವುದು ಬರೀ 1.7. ಪರೀಕ್ಷೆಗೆ ಎರಡು ತಿಂಗಳಿದ್ದರೆ ಮೊದಲ ಐದು ಉಪಪಟ್ಟಿಗಳನ್ನು ಸರಿಯಾಗಿ ಕಲಿಯುವುದು ಹತ್ತನ್ನೂ ಅರೆಬರೆ ಕಲಿಯುವುದಕ್ಕಿಂತ ಖಂಡಿತ ಮೇಲು.

ಪಟ್ಟಿಗೆ ಕೈಹಾಕುವ ಮೊದಲು ಒಂದು ಷರತ್ತಿದೆ, ಅದನ್ನು ಬಹಳ ಮಂದಿ ಗಮನಿಸುವುದೇ ಇಲ್ಲ. ಮೈಕಲ್ ವೆಸ್ಟ್ 1953ರಲ್ಲಿ ಪ್ರಕಟಿಸಿದ ಜನರಲ್ ಸರ್ವಿಸ್ ಲಿಸ್ಟ್‌ನ ಸುಮಾರು 2000 ಸಾಮಾನ್ಯ ಪದಕುಟುಂಬಗಳು ನಿಮಗೆ ಈಗಾಗಲೇ ಗೊತ್ತಿವೆ ಎಂದುಕೊಂಡು, ಅವನ್ನು ಬಿಟ್ಟು ಇದನ್ನು ಕಟ್ಟಲಾಗಿದೆ. ಇದರಿಂದ ಎರಡು ಪರಿಣಾಮ. ಒಂದು, ಹಳೆಯ ಪಟ್ಟಿಯಲ್ಲಿ ಇಲ್ಲದ್ದರಿಂದ ‘ಕಂಪ್ಯೂಟರ್’, ‘ಜಾಬ್’, ‘ಟೀಮ್’ ಮುಂತಾದ ದಿನಬಳಕೆಯ ಪದಗಳೂ ಇಲ್ಲಿ ‘ಅಕಾಡೆಮಿಕ್’ ಎನಿಸಿಕೊಂಡು ಕೂತಿವೆ. ಅವನ್ನು ಹಿಂದೆಮುಂದೆ ನೋಡದೆ ಹೊಡೆದುಹಾಕಿ. ಎರಡನೆಯದು ಹೆಚ್ಚು ಮುಖ್ಯ. ಬರೆಯುವ ಪರೀಕ್ಷೆಯಲ್ಲಿ ಗ್ರಾಫ್ ವಿವರಿಸುವ ಮೊದಲ ಪ್ರಶ್ನೆಗೆ (‘ಟಾಸ್ಕ್ 1’) ಬೇಕಾದ ‘ಇನ್‌ಕ್ರೀಸ್’, ‘ರೈಸ್’, ‘ಫಾಲ್’, ‘ಕಂಪೇರ್’ ಇಲ್ಲಿ ಸಿಗುವುದಿಲ್ಲ, ಏಕೆಂದರೆ ಅವು ಆ 2000ದಲ್ಲಿವೆ. ‘ಟ್ರೆಂಡ್’, ‘ಡಿಕ್ಲೈನ್’, ‘ಸ್ಟೇಬಲ್’ ಐದನೇ ಉಪಪಟ್ಟಿಯಲ್ಲಿ, ‘ಫ್ಲಕ್ಚುಯೇಟ್’ ಎಂಟನೆಯದರಲ್ಲಿ ಇವೆ. ಈ ಪಟ್ಟಿಯೊಂದನ್ನೇ ಹಿಡಿದು ಹೊರಟವರ ಬಳಿ ‘ಫ್ಲಕ್ಚುಯೇಟ್’ ಇರುತ್ತದೆ, ‘ರೈಸ್’ ಪಕ್ಕದಲ್ಲಿ ‘ಇನ್’ ಬರಬೇಕೋ ‘ಆಫ್’ ಬರಬೇಕೋ ಗೊತ್ತಿರುವುದಿಲ್ಲ. ಎರಡೂ ಪಟ್ಟಿ ಸೇರಿದರೆ ಆ ಪಠ್ಯಸಂಗ್ರಹದ ಶೇ. 86ರಷ್ಟು ಪದಗಳಾಗುತ್ತವೆ. ಬೇರೆಯವರ ನೆರವಿಲ್ಲದೆ ಸಲೀಸಾಗಿ ಓದಲು ನೂರಕ್ಕೆ 98 ಪದ ಗೊತ್ತಿರಬೇಕೆಂಬುದು ಸಂಶೋಧಕರ ಅಂದಾಜು. ಉಳಿದ ಪಾಲು ಓದಿನಿಂದಲೇ ಬರಬೇಕು, ಅದಕ್ಕೆ ಯಾವ ಪಟ್ಟಿಯೂ ಬದಲಿಯಲ್ಲ.

ಇನ್ನು ಪಟ್ಟಿಯ ರೂಪ. ದೊಡ್ಡ ಕೊರತೆ ಇರುವುದು ಇಲ್ಲೇ. ಉಪಪಟ್ಟಿಯೊಳಗೆ ಪದಗಳು ಅಕ್ಷರಕ್ರಮದಲ್ಲಿವೆ. ಮೊದಲ ಉಪಪಟ್ಟಿಯ ಒಂದು ತುಣುಕು ನೋಡಿ: ‘ಕಾನ್ಸೆಪ್ಟ್’, ‘ಕನ್ಸಿಸ್ಟ್’, ‘ಕಾನ್‌ಸ್ಟಿಟ್ಯೂಟ್’, ‘ಕಾಂಟೆಕ್ಸ್ಟ್’, ‘ಕಾಂಟ್ರಾಕ್ಟ್’. ಐದೂ ಒಂದೇ ಅಕ್ಷರಗಳಿಂದ ಶುರು, ಒಂದರ ಬೆನ್ನಿಗೆ ಒಂದು. ಇವನ್ನು ಒಂದೇ ದಿನ ಕಲಿತರೆ ಮರುವಾರ ಒಂದರ ಅರ್ಥ ಇನ್ನೊಂದಕ್ಕೆ ಅಂಟಿಕೊಂಡಿರುತ್ತದೆ. ಇದು ನೆನಪಿನ ಶಕ್ತಿ ಕಡಿಮೆಯಾದ್ದರಿಂದ ಆಗುವುದಲ್ಲ, ನೋಡಲು ಒಂದೇ ಥರ ಇರುವ ಹೊಸ ಪದಗಳು ಪರಸ್ಪರ ಅಡ್ಡಬರುತ್ತವೆ. ಉಪಪಟ್ಟಿಯ 60 ಪದಗಳನ್ನು ಮೊದಲು ಕಲಸಿ, ಒಂದೇ ಥರದವು ಬೇರೆ ಬೇರೆ ದಿನಕ್ಕೆ ಬರುವಂತೆ ಹಂಚಿಕೊಳ್ಳಿ.

ಕುಟುಂಬದ ಮುಖ್ಯಪದದ್ದು ಇನ್ನೊಂದು ತೊಡಕು. ಪಟ್ಟಿಯಲ್ಲಿ ತಲೆಯ ಮೇಲಿರುವುದು ‘ಅನಲೈಸ್’, ಪಠ್ಯಗಳಲ್ಲಿ ಹೆಚ್ಚಾಗಿ ಕಾಣುವುದು ‘ಅನಾಲಿಸಿಸ್’. ತಲೆಯ ಮೇಲೆ ‘ಲೆಜಿಸ್ಲೇಟ್’, ಬಳಕೆಯಲ್ಲಿ ‘ಲೆಜಿಸ್ಲೇಷನ್’. ‘ಎವಿಡೆಂಟ್’ ಕಲಿತು ‘ಎವಿಡೆನ್ಸ್’ ಬಿಟ್ಟವರಿಗೆ ದಕ್ಕಿದ್ದು ಆ ಕುಟುಂಬದ ಸಣ್ಣ ಪಾಲು. ಮೂಲ ಪಟ್ಟಿಯಲ್ಲಿ ಹೆಚ್ಚು ಬಳಕೆಯ ರೂಪವನ್ನು ಓರೆ ಅಕ್ಷರದಲ್ಲಿ ಗುರುತಿಸಿದ್ದಾರೆ. ಕೈಯಿಂದ ಕೈಗೆ ಹೋದ ನಕಲುಗಳಲ್ಲಿ, ಸಿದ್ಧ ಫ್ಲ್ಯಾಶ್‌ಕಾರ್ಡ್‌ಗಳಲ್ಲಿ ಆ ಗುರುತು ಬಿದ್ದುಹೋಗಿರುವುದೇ ಹೆಚ್ಚು. ಕುಟುಂಬದ ಪೂರ್ತಿ ಸದಸ್ಯರಿರುವ, ಓರೆ ಅಕ್ಷರ ಉಳಿದಿರುವ ಆವೃತ್ತಿಯನ್ನೇ ಹುಡುಕಿ. ಕುಟುಂಬ ಒಂದೇ ಆದರೂ ಅರ್ಥ ಒಂದೇ ಎಂದಲ್ಲ: ‘ಎಕನಾಮಿಕ್’ ಆರ್ಥಿಕತೆಗೆ ಸಂಬಂಧಿಸಿದ್ದು, ‘ಎಕನಾಮಿಕಲ್’ ಮಿತವ್ಯಯದ್ದು. ಪ್ರಬಂಧದಲ್ಲಿ ‘ಎಕನಾಮಿಕಲ್ ಗ್ರೋತ್’ ಎಂದು ಬರೆದರೆ ಪರೀಕ್ಷಕರ ಕಣ್ಣಿಗೆ ತಕ್ಷಣ ಬೀಳುತ್ತದೆ.

ಓದುವ ಪರೀಕ್ಷೆಯಲ್ಲಿ ಪಟ್ಟಿಯ ಉಪಯೋಗ ನೇರವಾಗಿ ಕಾಣುತ್ತದೆ. 60 ನಿಮಿಷ, ಮೂರು ಪ್ಯಾಸೇಜ್, 40 ಪ್ರಶ್ನೆ. ಪ್ರಶ್ನೆಗಳು ಪಠ್ಯದ ಮಾತನ್ನೇ ಬೇರೆ ಪದದಲ್ಲಿ ಹೇಳುತ್ತವೆ. ಪಠ್ಯದಲ್ಲಿ ‘ಸಫಿಶಿಯೆಂಟ್’ ಇದ್ದರೆ ಪ್ರಶ್ನೆಯಲ್ಲಿ ‘ಅಡಿಕ್ವೇಟ್’ ಇರಬಹುದು. ಮೊದಲನೆಯದು ಮೂರನೇ ಉಪಪಟ್ಟಿಯಲ್ಲಿದೆ, ಎರಡನೆಯದು ನಾಲ್ಕನೆಯದರಲ್ಲಿ. ಇಂಥ ಜೋಡಿಗಳನ್ನು ಪಟ್ಟಿ ತಾನಾಗಿ ತೋರಿಸುವುದಿಲ್ಲ. ಎರಡೂ ಪದ ಬೇರೆ ಬೇರೆಯಾಗಿ ಗಟ್ಟಿಯಾದ ಮೇಲೆ ನೀವೇ ಜೋಡಿಸಿ ಬರೆದಿಟ್ಟುಕೊಳ್ಳಬೇಕು, ಮೊದಲೇ ಜೊತೆಯಲ್ಲಿ ಕಲಿತರೆ ಕಲಸುಮೇಲೋಗರ.

ಒಂದು ಪದಕ್ಕೆ ಒಂದೇ ಅರ್ಥ ಬರೆದುಕೊಂಡವರು ಎಡವುವ ಜಾಗ ‘ಮೇಂಟೇನ್’. ‘ಸಮ್ ಹಿಸ್ಟೋರಿಯನ್ಸ್ ಮೇಂಟೇನ್ ದಟ್ ದಿ ಕೆನಾಲ್ ವಾಸ್ ನೆವರ್ ಯೂಸ್ಡ್’ ಎಂಬ ವಾಕ್ಯ ಬಂದಿತೆನ್ನಿ. ‘ಸುಸ್ಥಿತಿಯಲ್ಲಿಡು’ ಎಂಬ ಅರ್ಥ ಮಾತ್ರ ಗೊತ್ತಿದ್ದವರಿಗೆ ವಾಕ್ಯವೇ ಕೂಡುವುದಿಲ್ಲ. ಇಲ್ಲಿ ಅದು ‘ವಾದಿಸುತ್ತಾರೆ’ ಎಂದು. ಹೇಳಿಕೆ ‘ಟ್ರೂ’, ‘ಫಾಲ್ಸ್’, ‘ನಾಟ್ ಗಿವನ್’ (ಪಠ್ಯದಲ್ಲಿ ಹೇಳಿಲ್ಲ) ಇವುಗಳಲ್ಲಿ ಯಾವುದೆಂದು ಗುರುತಿಸುವ ಪ್ರಶ್ನೆಯಲ್ಲಿ ‘ಕಾಲುವೆಯನ್ನು ಎಂದೂ ಬಳಸಿರಲಿಲ್ಲ’ ಎಂಬ ಹೇಳಿಕೆಗೆ ಉತ್ತರ ‘ಟ್ರೂ’ ಅಲ್ಲ, ಅದು ಕೆಲವರ ವಾದ ಅಷ್ಟೆ. ಪಠ್ಯ ಬೇರೆಲ್ಲೂ ಅದನ್ನು ಖಚಿತಪಡಿಸದಿದ್ದರೆ ‘ನಾಟ್ ಗಿವನ್’. ‘ಇಂಡಿಕೇಟ್’, ‘ಇಂಪ್ಲೈ’, ‘ಅಸ್ಯೂಮ್’ ಪದಗಳಿಗೂ ಇದೇ ಎಚ್ಚರ ಬೇಕು. ಇವು ಯಾವುವೂ ‘ಪ್ರೂವ್’ಗೆ ಸಮವಲ್ಲ.

ಬರೆಯುವ ಪರೀಕ್ಷೆಗೆ ಬಂದರೆ ಪಟ್ಟಿ ಅರ್ಧ ದಾರಿಯಲ್ಲೇ ಕೈಬಿಡುತ್ತದೆ. ಪದಬಳಕೆಗೆ ನಾಲ್ಕನೇ ಒಂದು ಭಾಗ ಅಂಕವಿದೆ, ಅದರಲ್ಲಿ ನೋಡುವುದು ಪದ ಎಷ್ಟು ದೊಡ್ಡದು ಎಂದಲ್ಲ, ಯಾವ ಪದದ ಜೊತೆ ಕೂತಿದೆ ಎಂದು. ‘ರಿಸರ್ಚ್’ ಜೊತೆ ‘ಕಂಡಕ್ಟ್’, ‘ರೋಲ್’ ಜೊತೆ ‘ಪ್ಲೇ’. ‘ರಿಸರ್ಚಸ್’, ‘ಎವಿಡೆನ್ಸಸ್’ ಎಂದು ಬಹುವಚನ ಮಾಡಬಾರದು. ‘ಕನ್ಸಿಸ್ಟ್ಸ್ ಆಫ್’ ಸರಿ, ‘ಈಸ್ ಕನ್ಸಿಸ್ಟೆಡ್ ಆಫ್’ ತಪ್ಪು. ‘ಕಂಪ್ರೈಸ್’ ಕರ್ತರಿಯಲ್ಲಿ ಬಂದಾಗ ಮುಂದೆ ‘ಆಫ್’ ಬೇಡ. ಪಟ್ಟಿಯಲ್ಲಿ ಇದ್ಯಾವುದೂ ಇಲ್ಲ. ತುರುಕುವ ಚಟವೂ ಬೇಡ. ವಿಶ್ವವಿದ್ಯಾಲಯ ಮಟ್ಟದ ಪಠ್ಯದಲ್ಲೇ ಈ ಪದಗಳ ಪಾಲು ಹತ್ತರಲ್ಲಿ ಒಂದು. ಆ ಲೆಕ್ಕದಲ್ಲಿ ಪ್ರಬಂಧ ಬರೆಯುವ ಎರಡನೇ ಪ್ರಶ್ನೆಯ (‘ಟಾಸ್ಕ್ 2’) 250 ಪದಗಳಲ್ಲಿ, ಮರುಬಳಕೆಯೂ ಸೇರಿ, ಸುಮಾರು 25 ಬಂದರೆ ಧಾರಾಳವಾಯಿತು.

ಇದನ್ನು ಕಲಿಯಲು, ಕಲಿತ ಕಾರ್ಡನ್ನು ದಿನ ಬಿಟ್ಟು ದಿನ ಬಿಟ್ಟು ಮತ್ತೆ ಕೇಳುವ ಆ್ಯಂಕಿಯಂಥ ಫ್ಲ್ಯಾಶ್‌ಕಾರ್ಡ್ ತಂತ್ರಾಂಶ ಚೆನ್ನಾಗಿ ಹೊಂದುತ್ತದೆ, ಕಾರ್ಡನ್ನು ನೀವೇ ಮಾಡಿಕೊಂಡರೆ ಮಾತ್ರ. ಒಂದು ಕಡೆ ಮುಖ್ಯಪದ, ಇನ್ನೊಂದು ಕಡೆ ನಿಘಂಟಿನ ಅರ್ಥ ಎಂಬ ಸಿದ್ಧ ಕಾರ್ಡುಗಳು ಗುರುತಿಸುವುದನ್ನು ಕಲಿಸುತ್ತವೆ, ಬಳಸುವುದನ್ನಲ್ಲ. ಪ್ರತಿ ಕುಟುಂಬಕ್ಕೆ ಎರಡು ಕಾರ್ಡ್ ಸಾಕು. ಮೊದಲನೆಯದರಲ್ಲಿ ಹೆಚ್ಚು ಬಳಕೆಯ ರೂಪವಿರುವ ಇಡೀ ವಾಕ್ಯ. ಆ ವಾಕ್ಯದಲ್ಲಿ ಪದದ ಅರ್ಥವೇನೆಂದು ಹೇಳಬೇಕು. ಎರಡನೆಯದರಲ್ಲಿ ಪದ ಬಿಟ್ಟ ವಾಕ್ಯ. ಜೊತೆಗಾರ ಪದ ಎದುರಿಗಿರಬೇಕು. ಖಾಲಿ ಜಾಗದಲ್ಲಿ ಮೊದಲ ಅಕ್ಷರ, ಒಟ್ಟು ಅಕ್ಷರಗಳ ಸಂಖ್ಯೆ ಕೊಡಿ. ಇಲ್ಲದಿದ್ದರೆ ‘ಕಂಡಕ್ಟ್’ ಇರಬೇಕಾದಲ್ಲಿ ‘ಕ್ಯಾರಿ ಔಟ್’ ಕೂಡ ಸರಿಯಾಗಿಬಿಡುತ್ತದೆ. ಉತ್ತರವನ್ನು ಕಾಗದದ ಮೇಲೆ ಬರೆದು ಆಮೇಲೆ ತಿರುಗಿಸಿ, ಸ್ಪೆಲಿಂಗ್ ತಪ್ಪು ಅಲ್ಲೇ ಹೊರಬೀಳುತ್ತದೆ.

ದಿನಕ್ಕೆ ಆರು ಕುಟುಂಬ, ಅಂದರೆ 12 ಹೊಸ ಕಾರ್ಡ್. 300 ಕುಟುಂಬ 50 ದಿನದಲ್ಲಿ ಮುಗಿಯುತ್ತದೆ. ಪುನರಾವರ್ತನೆಗೆ ಬರುವ ಕಾರ್ಡುಗಳು ಹೊಸ ಕಾರ್ಡಿನ ಏಳರಿಂದ ಹತ್ತು ಪಟ್ಟು ಎಂದು ಇಟ್ಟುಕೊಳ್ಳಿ, ದಿನಕ್ಕೆ ನೂರರ ಆಸುಪಾಸು. ಆ್ಯಂಕಿಯಲ್ಲಿ ಮೊದಲಿನಿಂದ ಇರುವ ಮಿತಿ 20 ಹೊಸ ಕಾರ್ಡ್. ಅದನ್ನು ಹಾಗೇ ಬಿಟ್ಟವರು ಮೂರನೇ ವಾರಕ್ಕೆ ಬಾಕಿಯಲ್ಲಿ ಮುಳುಗಿ ಕೈಬಿಡುವುದುಂಟು. ಒಂದೇ ಪದದ ಎರಡೂ ಕಾರ್ಡನ್ನು ಒಂದೇ ನೋಟ್‌ನಿಂದ ಮಾಡಿ, ಅವು ಒಂದೇ ದಿನ ಬಾರದಂತೆ ‘ಬರಿ ಸಿಬ್ಲಿಂಗ್ಸ್’ ಸೆಟ್ಟಿಂಗ್ ಆನ್ ಮಾಡಿ, ಇಲ್ಲವಾದರೆ ಮೊದಲ ಕಾರ್ಡೇ ಎರಡನೆಯದರ ಉತ್ತರ ಹೇಳಿಕೊಡುತ್ತದೆ. ಮರೆತಾಗ ‘ಅಗೇನ್’ ಒತ್ತಬೇಕು, ‘ಹಾರ್ಡ್’ ಅಲ್ಲ. ‘ಹಾರ್ಡ್’ ಎಂದರೆ ಕಷ್ಟಪಟ್ಟು ನೆನಪಾಯಿತು ಎಂದರ್ಥ. ಮರೆತ ಕಾರ್ಡಿಗೂ ಅದನ್ನೇ ಒತ್ತುತ್ತಾ ಹೋದರೆ ಗೊತ್ತಿಲ್ಲದ ಪದಗಳು ವಾರಗಟ್ಟಲೆ ಮುಂದಕ್ಕೆ ಹೋಗಿಬಿಡುತ್ತವೆ. ಎಂಟು ಸಲ ಮರೆತ ಕಾರ್ಡಿಗೆ ತಂತ್ರಾಂಶ ‘ಲೀಚ್’ ಎಂಬ ಗುರುತು ಹಾಕುತ್ತದೆ. ಅದನ್ನು ಮತ್ತೆ ಮತ್ತೆ ತಿಕ್ಕಬೇಡಿ, ವಾಕ್ಯವನ್ನೇ ಬದಲಿಸಿ.

ಇದಕ್ಕಿಂತ ಹೊಸ ಪಟ್ಟಿಗಳೂ ಇವೆ. 2013ರ ನ್ಯೂ ಅಕಾಡೆಮಿಕ್ ವರ್ಡ್ ಲಿಸ್ಟ್‌ನಲ್ಲಿ 963 ಪದಗಳಿದ್ದು, ಅದು ನಿಂತಿರುವುದು ಹೊಸ ಸಾಮಾನ್ಯ ಪದಪಟ್ಟಿಯ ಮೇಲೆ. ‘ಕಂಪ್ಯೂಟರ್’ ಥರದ ಗೊಂದಲ ಅಲ್ಲಿ ಕಡಿಮೆ. ಗಾರ್ಡ್ನರ್ ಮತ್ತು ಡೇವಿಸ್ ಅವರ ಅಕಾಡೆಮಿಕ್ ವೊಕ್ಯಾಬುಲರಿ ಲಿಸ್ಟ್ 12 ಕೋಟಿ ಪದಗಳ ಪಠ್ಯದಿಂದ ಬಂದಿದೆ, ವ್ಯಾಪ್ತಿ ದೊಡ್ಡದು, ಆದರೆ ಪರೀಕ್ಷೆ ಹತ್ತಿರವಿದ್ದವರಿಗೆ ಅಷ್ಟು ಉದ್ದ ಹೊರೆ. ಬರವಣಿಗೆಯಲ್ಲಿ ಅಂಕ ಕಳೆದುಕೊಳ್ಳುತ್ತಿರುವವರಿಗೆ ಇವೆರಡಕ್ಕಿಂತ ಪಿಯರ್ಸನ್‌ನವರ ಅಕಾಡೆಮಿಕ್ ಕಾಲೊಕೇಷನ್ ಲಿಸ್ಟ್ ಹೆಚ್ಚು ಕೆಲಸಕ್ಕೆ ಬರುತ್ತದೆ. ಅದರಲ್ಲಿ 2,469 ಪದಜೋಡಿಗಳಿವೆ. ಪೂರ್ತಿ ಕಲಿಯಲು ಹೋಗದೆ, ಮೊದಲ ಐದು ಉಪಪಟ್ಟಿಯ ಪದಗಳಿಗೆ ಅಲ್ಲಿಂದ ತಲಾ ಎರಡು ಜೋಡಿ ಹೆಕ್ಕಿ ಎರಡನೇ ಕಾರ್ಡಿನ ವಾಕ್ಯಕ್ಕೆ ಬಳಸಿಕೊಳ್ಳಿ. ಪರೀಕ್ಷೆಗೆ ಹತ್ತು ದಿನವಿರುವಾಗ ಹೊಸ ಕಾರ್ಡುಗಳ ಮಿತಿಯನ್ನು ಸೊನ್ನೆಗೆ ಇಳಿಸಿ, ಉಳಿದ ದಿನಗಳಲ್ಲಿ ಪುನರಾವರ್ತನೆ ಮಾತ್ರ ನಡೆಯಲಿ.