ಪೈಲಟ್ ತರಬೇತಿ: ಬೆಳಗಾವಿ, ಮೈಸೂರಿಗೆ ಕಳಿಸುವುದೋ, ಅಮೆರಿಕಕ್ಕೋ?

ಕಾರವಾರ, ಕುಮಟಾ, ಶಿರಸಿ ಕಡೆ ಪಿಯು ಸೈನ್ಸ್ ಮುಗಿಸಿ ಪೈಲಟ್ ಆಗಬೇಕೆನ್ನುವ ಮಕ್ಕಳ ಮನೆಯಲ್ಲಿ ಮೊದಲು ಚರ್ಚೆಯಾಗುವುದು ಯಾವ ದೇಶ ಎಂದು. ನಮ್ಮ ಪ್ರಕಾರ ಮೊದಲು ವಿಚಾರಿಸಬೇಕಾದ್ದು ಬೇರೆ: ಆ ಶಾಲೆಯಲ್ಲಿ ಒಬ್ಬ ವಿದ್ಯಾರ್ಥಿಗೆ ತಿಂಗಳಿಗೆ ಎಷ್ಟು ಗಂಟೆ ಹಾರಾಟ ಸಿಗುತ್ತದೆ? ಜಿಲ್ಲೆಯಲ್ಲಿ ಹಾರಾಟ ಶಾಲೆಯೇ ಇಲ್ಲ, ಹಾಗಾಗಿ ಮನೆ ಬಿಡುವುದಂತೂ ತಪ್ಪದು. ಹತ್ತಿರದ್ದು ಬೆಳಗಾವಿಯ ಸಾಂಬ್ರಾ, ಆಮೇಲೆ ಮೈಸೂರಿನ ಮಂಡಕಳ್ಳಿ, ಬೆಂಗಳೂರಿನ ಜಕ್ಕೂರು.

ಎಲ್ಲಿ ಕಲಿತರೂ ಡಿಜಿಸಿಎಯ (ಭಾರತದ ನಾಗರಿಕ ವಿಮಾನಯಾನ ನಿಯಂತ್ರಣ ಸಂಸ್ಥೆ) ಕಮರ್ಷಿಯಲ್ ಲೈಸೆನ್ಸಿಗೆ, ಅಂದರೆ ಸಂಬಳಕ್ಕೆ ವಿಮಾನ ಹಾರಿಸುವ ಪರವಾನಗಿಗೆ, ಬೇಕಾದ ಲೆಕ್ಕ ಒಂದೇ. ಒಟ್ಟು 200 ಗಂಟೆ ಹಾರಾಟ, ಅದರಲ್ಲಿ 100 ಗಂಟೆ ವಿಮಾನದ ಪೂರ್ಣ ಹೊಣೆ ಹೊತ್ತು ಹಾರಿದ್ದು. 20 ಗಂಟೆ ಕ್ರಾಸ್ ಕಂಟ್ರಿ (ಒಂದು ನಿಲ್ದಾಣದಿಂದ ದೂರದ ಇನ್ನೊಂದಕ್ಕೆ ಹಾರುವುದು), ಅದರಲ್ಲಿ ಒಂದು ಹಾರಾಟ 300 ನಾಟಿಕಲ್ ಮೈಲಿಗೆ ಕಡಿಮೆಯಿಲ್ಲದೆ, ನಡುವೆ ಎರಡು ಬೇರೆ ಬೇರೆ ನಿಲ್ದಾಣಗಳಲ್ಲಿ ಇಳಿದು ಪೂರ್ತಿ ನಿಲ್ಲಿಸಬೇಕು. 10 ಗಂಟೆ ಇನ್‌ಸ್ಟ್ರುಮೆಂಟ್ (ಹೊರಗೆ ನೋಡದೆ ಉಪಕರಣ ನೋಡಿಯೇ ಹಾರುವುದು), 5 ಗಂಟೆ ರಾತ್ರಿ ಹಾರಾಟ. ರಾತ್ರಿಯದರಲ್ಲಿ 10 ಟೇಕಾಫ್, 10 ಲ್ಯಾಂಡಿಂಗ್ ಇರಲೇಬೇಕು.

ಇದಕ್ಕೆಲ್ಲ ಮೊದಲು ಮೆಡಿಕಲ್. ಡಿಜಿಸಿಎ ಪಟ್ಟಿಯಲ್ಲಿರುವ ವೈದ್ಯರಲ್ಲಿ ಕ್ಲಾಸ್ 2 ಎಂಬ ಮೊದಲ ಹಂತದ ತಪಾಸಣೆ ಮಾಡಿಸಿ, ನಂತರ ಕಮರ್ಷಿಯಲ್ ಪೈಲಟ್‌ಗೆ ಬೇಕಾದ ಕ್ಲಾಸ್ 1. ನಮ್ಮ ಕಡೆಯವರಿಗೆ ಅನುಕೂಲದ ಜಾಗ ಬೆಂಗಳೂರಿನಲ್ಲಿರುವ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ. ಕನ್ನಡಕ ಇದ್ದ ಮಾತ್ರಕ್ಕೆ ಬಾಗಿಲು ಮುಚ್ಚುವುದಿಲ್ಲ, ಬಣ್ಣಗುರುಡು ಇದ್ದರೆ ಕಷ್ಟ. ಕ್ಲಾಸ್ 1 ಕೈಗೆ ಬರುವ ಮೊದಲು ಯಾವ ಶಾಲೆಗೂ ಒಂದು ರೂಪಾಯಿ ಕಟ್ಟಬೇಡಿ.

ಈಗ ಇಲ್ಲಿನ ಶಾಲೆಗಳ ವಿಚಾರ. ಬ್ರೋಷರಿನಲ್ಲಿ ಎಷ್ಟು ವಿಮಾನದ ಚಿತ್ರವಿದೆ ಎಂಬುದು ಮುಖ್ಯವಲ್ಲ, ಇವತ್ತು ಹಾರುವ ಸ್ಥಿತಿಯಲ್ಲಿ ಎಷ್ಟಿವೆ ಎಂಬುದು ಮುಖ್ಯ. ಲೆಕ್ಕ ಹಾಕಿ: 5 ವಿಮಾನ, ಒಂದೊಂದು ದಿನಕ್ಕೆ 4 ಗಂಟೆ, ತಿಂಗಳಿಗೆ 22 ದಿನ ಹಾರಿದರೆ ಒಟ್ಟು 440 ಗಂಟೆ. ಸಾಲಿನಲ್ಲಿ 60 ವಿದ್ಯಾರ್ಥಿಗಳಿದ್ದರೆ ತಲೆಗೆ ಏಳೂ ಚಿಲ್ಲರೆ ಗಂಟೆ, ಅಂದರೆ 200 ಗಂಟೆಗೆ 27 ತಿಂಗಳು. ವಿದ್ಯಾರ್ಥಿಗಳು 30 ಆದರೆ ಸುಮಾರು 14 ತಿಂಗಳು. ಹಾರಾಟದ ನಡುವೆ ವಾರಗಟ್ಟಲೆ ಬಿಡುವು ಬಿದ್ದರೆ ಕೈ ಮರೆಯುತ್ತದೆ. ಲ್ಯಾಂಡಿಂಗ್ ಕೆಡುತ್ತದೆ, ಇನ್‌ಸ್ಟ್ರಕ್ಟರ್ ಮತ್ತೆ ಪಕ್ಕದಲ್ಲಿ ಕೂರಬೇಕಾಗುತ್ತದೆ, ಆ ಹೆಚ್ಚುವರಿ ಗಂಟೆಗಳ ಬಿಲ್ಲು ನಿಮ್ಮ ತಲೆಗೇ.

ಶಾಲೆ ನೋಡಲು ಹೋದಾಗ ಆಫೀಸಿನಲ್ಲಿ ಕೂತು ಮಾತಾಡಿ ಬರಬೇಡಿ, ಹ್ಯಾಂಗರಿನೊಳಗೆ ಹೋಗಿ. ಪ್ರೊಪೆಲ್ಲರ್ ಬಿಚ್ಚಿಟ್ಟ, ಟೈರಿನ ಗಾಳಿ ಇಳಿದ, ರೆಕ್ಕೆಯ ಮೇಲೆ ಧೂಳು ಕೂತ ವಿಮಾನಗಳನ್ನು ಲೆಕ್ಕದಿಂದ ಕಳೆಯಿರಿ. ಉಳಿದವುಗಳ ನೋಂದಣಿ ಸಂಖ್ಯೆ ಬರೆದುಕೊಂಡು, ಹೋದ ತಿಂಗಳು ಪ್ರತಿಯೊಂದೂ ಎಷ್ಟು ಗಂಟೆ ಹಾರಿತು ಎಂದು ಕೇಳಿ. ತೋರಿಸಲು ಹಿಂದೆಮುಂದೆ ನೋಡುವ ಶಾಲೆ ನಮ್ಮ ದೃಷ್ಟಿಯಲ್ಲಿ ಅಲ್ಲಿಗೇ ಅನುತ್ತೀರ್ಣ. ತಿಂಗಳ ಹಿಂದೆ ಸೋಲೋ (ಒಬ್ಬರೇ ಹಾರುವ ಹಾರಾಟ) ಮುಗಿಸಿದ ವಿದ್ಯಾರ್ಥಿಯ ಲಾಗ್‌ಬುಕ್, ಅಂದರೆ ಹಾರಾಟದ ದಾಖಲೆ ಪುಸ್ತಕ, ಸಿಕ್ಕರೆ ಇನ್ನೂ ಒಳ್ಳೆಯದು: ತಾರೀಕುಗಳ ನಡುವಿನ ಖಾಲಿ ಜಾಗ ಎಲ್ಲವನ್ನೂ ಹೇಳಿಬಿಡುತ್ತದೆ. ಎರಡು ಎಂಜಿನ್ನಿನ ವಿಮಾನ ಶಾಲೆಯದ್ದೇನಾ, ರಿಪೇರಿ ಅಲ್ಲೇ ಆಗುತ್ತದಾ, ರಾತ್ರಿ ಹಾರಾಟಕ್ಕೆ ರನ್‌ವೇ ದೀಪ ಇದೆಯಾ, ಇಲ್ಲದಿದ್ದರೆ ಎಲ್ಲಿಗೆ ಕರೆದೊಯ್ಯುತ್ತಾರೆ, ಇವನ್ನೂ ಕೇಳಿ. 2025ರ ಅಕ್ಟೋಬರಿನಿಂದ ಡಿಜಿಸಿಎ ಹಾರಾಟ ಶಾಲೆಗಳಿಗೆ ದರ್ಜೆ ಕೊಡುತ್ತಿದೆ. ಮೊದಲ ಪಟ್ಟಿಯಲ್ಲಿ ಯಾವ ಶಾಲೆಗೂ ಎ ದರ್ಜೆ ಸಿಗಲಿಲ್ಲ. ಪಟ್ಟಿ ನೋಡಿ, ಆದರೆ ಹ್ಯಾಂಗರ್ ನೋಡುವುದನ್ನು ಬಿಡಬೇಡಿ.

ಮಳೆಯ ಲೆಕ್ಕ ನಮ್ಮವರಿಗೆ ಹೇಳಿಕೊಡಬೇಕಿಲ್ಲ. ಆದರೂ ಒಂದು ಮಾತು. ಕಣ್ಣಿನ ಅಂದಾಜಿನಲ್ಲಿ ಹಾರುವ ತರಬೇತಿಗೆ ಸಾಮಾನ್ಯವಾಗಿ 5 ಕಿಲೋಮೀಟರ್ ದೂರ ಕಾಣಬೇಕು, ಮೋಡ 1500 ಅಡಿಗಿಂತ ಕೆಳಗಿರಬಾರದು. ಘಟ್ಟದ ಸೆರಗಿನಲ್ಲಿರುವ ಬೆಳಗಾವಿಯಲ್ಲಿ ಜೂನ್ ಕೊನೆಯಿಂದ ಆಗಸ್ಟ್‌ವರೆಗೆ ಎಷ್ಟೋ ದಿನ ಇದು ದಕ್ಕುವುದಿಲ್ಲ. ಮೈಸೂರು ಮಳೆ ನೆರಳಿನ ಊರು, ಅಲ್ಲಿ ಹೆಚ್ಚು ದಿನ ಸಿಗುತ್ತವೆ. ಉತ್ತರ ಪ್ರದೇಶದ ಫುರ್ಸತ್‌ಗಂಜ್‌ನ ಸರ್ಕಾರಿ ಅಕಾಡೆಮಿಯಂಥ ಕಡೆ ಮಳೆಯ ಜೊತೆ ಡಿಸೆಂಬರ್, ಜನವರಿಯ ಮಂಜೂ ಸೇರುತ್ತದೆ. ಮಳೆಗಾಲ ಪರೀಕ್ಷೆಗಳಿಗೆ, ಒಣ ತಿಂಗಳು ಹಾರಾಟಕ್ಕೆ ಎಂದು ಹೊಂದಿಸಿಕೊಂಡು ಸೇರಿದರೆ ನಷ್ಟ ಕಡಿಮೆ.

ಅಮೆರಿಕದ ನಿಜವಾದ ಬಲ ಇದೇ ಗಂಟೆಗಳಲ್ಲಿದೆ. ಅರಿಜೋನಾದಂಥ ಒಣ ರಾಜ್ಯಗಳಲ್ಲಿ ವಿಮಾನವೂ ಹೆಚ್ಚು, ಹಾರುವ ದಿನವೂ ಹೆಚ್ಚು. ಗಡಿಬಿಡಿಯ ಆಕಾಶದಲ್ಲಿ ರೇಡಿಯೋ ಮಾತು ಬೇಗ ಪಳಗುತ್ತದೆ. ಆದರೆ ಶಾಲೆ ಯಾವ ನಿಯಮದಡಿ ನಡೆಯುತ್ತದೆ ನೋಡಿ: ಅಲ್ಲಿನ ವಿಮಾನಯಾನ ನಿಯಮಗಳ ಪಾರ್ಟ್ 61ರಲ್ಲಿ ಕಮರ್ಷಿಯಲ್‌ಗೆ 250 ಗಂಟೆ, ಪಾರ್ಟ್ 141ರಲ್ಲಿ 190. ಮೊದಲನೆಯದರಲ್ಲಿ ನಮಗೆ ಬೇಡದ 50 ಗಂಟೆಗೆ ದುಡ್ಡು ಕೊಡುತ್ತೀರಿ. ಎರಡನೆಯದರಲ್ಲಿ ಲೈಸೆನ್ಸ್ ಬಂದರೂ ಡಿಜಿಸಿಎ ಲೆಕ್ಕಕ್ಕೆ 10 ಕಡಿಮೆ. ಒಂದೇ ಹಾರಾಟವನ್ನು ಇಬ್ಬರು ವಿದ್ಯಾರ್ಥಿಗಳು ತಮ್ಮ ತಮ್ಮ ಲಾಗ್‌ಬುಕ್ಕಿನಲ್ಲಿ ಬರೆದುಕೊಳ್ಳುವ ಪದ್ಧತಿ ಅಲ್ಲಿದೆ. ಅಂಥ ಗಂಟೆಗಳನ್ನು ನೆಚ್ಚಿಕೊಂಡು 100ರ ಲೆಕ್ಕ ತುಂಬಿಸಬೇಡಿ. ದೂರದ ಕ್ರಾಸ್ ಕಂಟ್ರಿಯನ್ನು ಮಾತ್ರ ಎರಡೂ ದೇಶಕ್ಕೆ ಸಲ್ಲುವಂತೆ ಒಂದೇ ಹಾರಾಟದಲ್ಲಿ ಯೋಜಿಸಬಹುದು. ದಕ್ಷಿಣ ಆಫ್ರಿಕಾದ ಹವಾಮಾನವೂ ಚೆನ್ನ. ಕೆನಡಾಕ್ಕೆ ಹೋಗುವವರು ಚಳಿಗಾಲದಲ್ಲಿ ಕಳೆದುಹೋಗುವ ದಿನಗಳನ್ನು ಮೊದಲೇ ಲೆಕ್ಕಕ್ಕೆ ಹಿಡಿಯಲಿ.

ಹೊರದೇಶದಲ್ಲಿ ಕಲಿತವರು ಎಡವುವುದು ಮರಳಿದ ಮೇಲೆ. ಆ ಲೈಸೆನ್ಸನ್ನು ಭಾರತದ್ದಾಗಿ ಬದಲಿಸಲು ಏರ್ ರೆಗ್ಯುಲೇಶನ್ಸ್ ಹಾಗೂ ನ್ಯಾವಿಗೇಶನ್, ಹವಾಮಾನ ಸೇರಿದ ಕಾಂಪೊಸಿಟ್ ಪೇಪರ್ ಪಾಸಾಗಬೇಕು, 70 ಅಂಕ ಬೇಕು. ಅಮೆರಿಕದಲ್ಲಿ ಗಾಳಿಯ ಒತ್ತಡ ಪಾದರಸದ ಇಂಚಿನಲ್ಲಿ, ಗೋಚರತೆ ಮೈಲಿಯಲ್ಲಿ, ಟ್ರಾನ್ಸಿಶನ್ ಆಲ್ಟಿಟ್ಯೂಡ್ (ಎತ್ತರಮಾಪಕವನ್ನು ಸ್ಥಳೀಯ ಒತ್ತಡದಿಂದ ಪ್ರಮಾಣಿತ ಒತ್ತಡಕ್ಕೆ ಬದಲಿಸುವ ಎತ್ತರ) 18,000 ಅಡಿ. ಇಲ್ಲಿ ಹೆಕ್ಟೊಪ್ಯಾಸ್ಕಲ್, ಮೀಟರ್, ಮತ್ತು ಆಯಾ ನಿಲ್ದಾಣಕ್ಕೆ ಬೇರೆಯದೇ ಎತ್ತರ. ವರ್ಷಗಟ್ಟಲೆ ಅಲ್ಲಿನದನ್ನೇ ಉರು ಹೊಡೆದವರಿಗೆ ಇದು ತೊಡಕು. ಪರೀಕ್ಷೆಗೆ ಕಾಯುತ್ತಾ ಕೂತರೆ ಹಾರಾಟ ಹಳತಾಗುತ್ತದೆ. ಅರ್ಜಿಗೆ ಹಿಂದಿನ 6 ತಿಂಗಳಲ್ಲಿ ಹಾರಿದ ದಾಖಲೆ ಡಿಜಿಸಿಎ ಕೇಳುತ್ತದೆ, ಇಲ್ಲದಿದ್ದರೆ ಇಲ್ಲಿನ ಶಾಲೆಯಲ್ಲಿ ಮತ್ತೆ ದುಡ್ಡು ಕೊಟ್ಟು ಹಾರಬೇಕು. ಆದ್ದರಿಂದ ಇಲ್ಲಿನ ಪೇಪರುಗಳನ್ನು ಪಾಸು ಮಾಡಿಯೇ ವಿಮಾನ ಹತ್ತಿ.

ದುಡ್ಡಿನ ವಿಷಯ. ಇಲ್ಲಿ ಸುಮಾರು 45ರಿಂದ 60 ಲಕ್ಷ, ಅಮೆರಿಕದಲ್ಲಿ ವಸತಿ ಸೇರಿ 50ರಿಂದ 70 ಲಕ್ಷ. ಏರ್‌ಬಸ್, ಬೋಯಿಂಗ್ ಟೈಪ್ ರೇಟಿಂಗಿನ (ಆ ಮಾದರಿಯ ವಿಮಾನ ಹಾರಿಸುವ ಪ್ರತ್ಯೇಕ ಅರ್ಹತೆ) ಖರ್ಚು ಎರಡರಲ್ಲೂ ಸೇರಿಲ್ಲ, ಅದಕ್ಕೆ ಬೇರೆ ಲಕ್ಷಗಳು ಬೇಕು. ಇಷ್ಟು ದೊಡ್ಡ ಶಿಕ್ಷಣ ಸಾಲಕ್ಕೆ ಬ್ಯಾಂಕು ಆಧಾರ ಕೇಳುತ್ತದೆ. ಅಡಿಕೆ ತೋಟ ಇದೆ ಎಂದು ಧೈರ್ಯವಾಗಿರಬೇಡಿ, ಕೃಷಿ ಜಮೀನನ್ನು ಅಡವಿಗೆ ತೆಗೆದುಕೊಳ್ಳಲು ಹಲವು ಬ್ಯಾಂಕುಗಳು ಹಿಂಜರಿಯುತ್ತವೆ. ಪೇಟೆಯ ಮನೆಯೋ ಸೈಟೋ ಇದ್ದರೆ ಕೆಲಸ ಸಲೀಸು. ಶಾಲೆಗೆ ಮಾತ್ರ ಪೂರ್ತಿ ಹಣ ಒಮ್ಮೆಗೇ ಕಟ್ಟಬೇಡಿ: 25 ಗಂಟೆ ಹಾರಿದ ಮೇಲೆ ಮುಂದಿನ ಕಂತು ಎಂದು ಬರಹದಲ್ಲಿ ಮಾಡಿಸಿಕೊಳ್ಳಿ.

ನಮ್ಮ ತೀರ್ಮಾನ: ತಿಂಗಳಿಗೆ 14 ಗಂಟೆ ನಿಜವಾಗಿ ಕೊಡುವ ಶಾಲೆ ಇಲ್ಲೇ ಸಿಕ್ಕರೆ ಹೊರದೇಶದ ಗೊಡವೆ ಬೇಡ. ಸಿಗದಿದ್ದರೆ, ಪೇಪರು, ಕ್ಲಾಸ್ 1, ಸಾಲ ಮೂರೂ ಕೈಯಲ್ಲಿದ್ದವರು ಅಮೆರಿಕಕ್ಕೆ ಹೋಗಲಿ. ಅಲ್ಲಿಂದ ಹೊರಡುವ ಮುನ್ನ ಲಾಗ್‌ಬುಕ್ಕಿನ ಪ್ರತಿ ಪುಟಕ್ಕೂ ಮುಖ್ಯ ಇನ್‌ಸ್ಟ್ರಕ್ಟರರ ಸಹಿ, ಶಾಲೆಯ ಮುದ್ರೆ ಹಾಕಿಸಿ. ಹಾರಾಟ ಪರೀಕ್ಷೆಯ ವರದಿ, ತರಬೇತಿ ದಾಖಲೆಗಳ ಪ್ರತಿ ತನ್ನಿ. ಲೈಸೆನ್ಸ್ ಅಸಲಿ ಎಂದು ಅಲ್ಲಿನ ಇಲಾಖೆಯಿಂದ ಡಿಜಿಸಿಎಗೆ ಪತ್ರ ಬರಬೇಕು. ಅದು ನಿಧಾನದ ಕೆಲಸ, ಅದಕ್ಕೆ ಬೇಕಾದ ಅರ್ಜಿಯನ್ನು ಅಲ್ಲಿರುವಾಗಲೇ ಹಾಕಿ ಬನ್ನಿ.