ಖರ್ಚಿಗೆ ಕಡಿವಾಣವೋ, ಸರ್ಕಾರದ ನೆರವೋ?

ಚುನಾವಣೆಯ ದುಡ್ಡಿನಾಟ ನಿಲ್ಲಬೇಕು ಎನ್ನುವವರ ಮುಂದೆ ಮುಖ್ಯವಾಗಿ ಎರಡು ದಾರಿಗಳಿವೆ.

ಒಂದು, ಖರ್ಚಿನ ಮಿತಿಯನ್ನು ಬಿಗಿಗೊಳಿಸುವುದು. 2022ರಲ್ಲಿ ಪರಿಷ್ಕರಿಸಿದಂತೆ ಕರ್ನಾಟಕದಲ್ಲಿ ವಿಧಾನಸಭೆ ಅಭ್ಯರ್ಥಿಗೆ 40 ಲಕ್ಷ, ಲೋಕಸಭೆಗೆ 95 ಲಕ್ಷ ರೂಪಾಯಿ ಮಿತಿ ನಿಗದಿಯಾಯಿತು. ಪಕ್ಷಗಳ ಖರ್ಚಿಗೆ ಮಾತ್ರ ಮಿತಿಯೇ ಇಲ್ಲ. ಮುಂಬಾಗಿಲಿಗೆ ಬೀಗ ಜಡಿದು ಹಿತ್ತಲ ಬಾಗಿಲು ತೆರೆದಿಟ್ಟ ಹಾಗೆ. ಬೇಲೂರು ಕಡೆಯ ನಮ್ಮೂರಲ್ಲಿ ಮತದಾನಕ್ಕೆ ನಾಲ್ಕು ದಿನವಿರುವಾಗ ನಾಮಕರಣದ ಬಾಡೂಟ ನಡೆಯಿತು. ಮುದ್ದೆ, ಸಾರು, ರಾತ್ರಿ ಹನ್ನೊಂದಾದರೂ ಕರಗದ ಪಂಕ್ತಿ. ತೊಟ್ಟಿಲು ಮಾತ್ರ ಎಲ್ಲೂ ಕಾಣಲಿಲ್ಲ! ಇಂಥ ಊಟವನ್ನು ಯಾರ ಲೆಕ್ಕಕ್ಕೆ ಬರೆಯುವುದು?

ಇನ್ನೊಂದು, ಸರ್ಕಾರವೇ ಪ್ರಚಾರಕ್ಕೆ ನೆರವಾಗುವುದು. ಈ ಬಗ್ಗೆ ಪರಿಶೀಲಿಸಲು ಕೇಂದ್ರ ಸರ್ಕಾರ ನೇಮಿಸಿದ್ದ ಇಂದ್ರಜಿತ್ ಗುಪ್ತ ಸಮಿತಿ 1998ರಲ್ಲಿ ಇದನ್ನು ಒಪ್ಪಿತು. ನಗದಾಗಿ ಅಲ್ಲ, ವಸ್ತುರೂಪದಲ್ಲಿ. ಆದರೆ ಮಾನ್ಯತೆ ಪಡೆದ ಪಕ್ಷಗಳಿಗಷ್ಟೇ ಎಂದಿತು. ಮೂಡಿಗೆರೆಯ ಸಣ್ಣ ಕಾಫಿ ಬೆಳೆಗಾರನೊಬ್ಬ ಪಕ್ಷೇತರನಾಗಿ ನಿಂತರೆ ಅವನ ಜೀಪಿನ ಡೀಸೆಲ್ಲಿಗೆ ಅವನ ಜೇಬೇ ಗತಿ. ಅದಕ್ಕಿಂತ ಮುಖ್ಯವಾಗಿ, ಸರ್ಕಾರ ಕೊಟ್ಟದ್ದರ ಮೇಲೆ ಕಪ್ಪುಹಣವೂ ಹರಿಯುವುದಿಲ್ಲ ಎಂದು ಯಾರು ಹೇಳಬಲ್ಲರು?

ನಾನಾದರೆ ಮೊದಲನೆಯದನ್ನೇ ಆರಿಸುತ್ತೇನೆ, ಪಕ್ಷದ ಖರ್ಚಿಗೂ ಮಿತಿ ಹಾಕುವುದಾದರೆ.