ಕೋಲಾರದಿಂದ ಆರ್ಕೈವ್ಸ್‌ಗೆ: ಡೈಲಿ ಅಪ್ ಡೌನಾ, ಲಾಡ್ಜಾ, ಇಲ್ಲ ಸೀದಾ ಚೆನ್ನೈನಾ?

ನಮ್ ಜಿಲ್ಲೆ ಕೆರೆಗಳ ಹಳೇ ದಾಖಲೆ ಹಿಂದೆ ಬಿದ್ದು ಆರ್ಕೈವ್ಸ್‌ಗೆ, ಅಂದ್ರೆ ಸರ್ಕಾರದ ಹಳೇ ಕಾಗದಪತ್ರ ಇಟ್ಟಿರೋ ಕಡೆಗೆ, ಮೂರೂ ಥರ ಓಡಾಡಿ ನೋಡಿದೀನಿ, ಹೊರಡೋರಿಗೆ ಅನುಕೂಲ ಆಗ್ಲಿ ಅಂತ ಹೇಳ್ತಿದೀನಿ.

ಅಪ್ ಡೌನ್ ಈಗ ಮುಂಚಿನಷ್ಟು ನರಕ ಅಲ್ಲ. ಬೆಂಗಳೂರು ಹತ್ತತ್ರ 70 ಕಿ.ಮೀ., ಮೊದ್ಲು ಟಿನ್ ಫ್ಯಾಕ್ಟರಿ ಜಾಮಲ್ಲೇ ಅರ್ಧ ಜೀವ ಹೋಗೋದು, 2023ರಿಂದ ಕೆ.ಆರ್. ಪುರದಲ್ಲೇ ಬಸ್ ಇಳಿದು ನೇರಳೆ ಮೆಟ್ರೋ ಹತ್ತಿದ್ರೆ ವಿಧಾನಸೌಧ ಸ್ಟೇಷನ್, ರಾಜ್ಯ ಪತ್ರಾಗಾರಕ್ಕೆ (ಅದೇ ಬೆಂಗಳೂರಿನ ಆರ್ಕೈವ್ಸ್) ಅಲ್ಲೇ ಇಳಿಯೋದು. ಖರ್ಚು ಕಮ್ಮಿ, ರಾತ್ರಿ ಮನೇಲೇ ಮುದ್ದೆ. ಆದ್ರೆ ಯಾವ ಆರ್ಕೈವ್ಸ್ ಆದ್ರೂ ಲೈಬ್ರರಿ ಥರ ಅಲ್ಲ, ರ‍್ಯಾಕಿಂದ ನೀವೇ ಎತ್ಕೊಳಂಗಿಲ್ಲ, ಚೀಟಿ ಬರ್ಕೊಟ್ಟು ಕಾಯ್ಬೇಕು, ಫೈಲ್ ಟೇಬಲ್‌ಗೆ ಬರೋ ಹೊತ್ತಿಗೆ ಊಟದ ಟೈಮು, ಆಮೇಲೆ ದಾರ ಬಿಚ್ಚಿ ಅಂಚು ಪುಡಿಪುಡಿ ಆಗೋ ಹಾಳೆನ ನಿಧಾನಕ್ಕೆ ತಿರುಗಿಸ್ತಾ ಪೆನ್ಸಿಲಲ್ಲಿ ನಾಲ್ಕು ಪುಟ ನೋಟ್ಸ್ ಮಾಡೋಷ್ಟ್ರಲ್ಲಿ ಬಸ್ಸಿನ ಚಿಂತೆ ಶುರು.

ಗಾಂಧಿನಗರದ ಲಾಡ್ಜಲ್ಲಿ ಉಳ್ಕೊಂಡಾಗ ಇದೇ ಕೆಲ್ಸ ಬೇರೆ ಥರ ಆಯ್ತು. ಇವತ್ತು ಸಂಜೆನೇ ನಾಳೆ ಚೀಟಿ ಕೊಟ್ಟು ಬಂದ್ರೆ ಬೆಳಿಗ್ಗೆ ಕಾಯೋದು ಕಮ್ಮಿ. ಒಂದು ಫೈಲ್ ಸಿಗ್ಲಿಲ್ಲ ಅಂದ್ರೂ ದಿನ ದಂಡ ಅಲ್ಲ, ನೃಪತುಂಗ ರಸ್ತೆಲಿ ಮಿಥಿಕ್ ಸೊಸೈಟಿ ಲೈಬ್ರರಿ ಇದೆ, 1909ರ ಸಂಸ್ಥೆ, ಇನ್ನೊಂದ್ಕಡೆ ಕಬ್ಬನ್ ಪಾರ್ಕಲ್ಲಿ ಕೇಂದ್ರ ಗ್ರಂಥಾಲಯ. ರೂಮಲ್ಲಿ ತಿಗಣೆ ಇತ್ತು, ಅದ್ ಬಿಡಿ.

ಚೆನ್ನೈ ಅಂದ್ರೆ ಎಲ್ರೂ ಹೆದರ್ತಾರೆ, ಪ್ರಯಾಣ ಮಾತ್ರ ಸಲೀಸು. ಬಂಗಾರಪೇಟೆಲಿ ಬೃಂದಾವನ್ ಎಕ್ಸ್‌ಪ್ರೆಸ್ ಹತ್ತಿದ್ರೆ ಸೆಂಟ್ರಲ್, ಅಲ್ಲಿಂದ ಆಟೋಲಿ ಎಗ್ಮೋರ್, ತಮಿಳುನಾಡು ಆರ್ಕೈವ್ಸ್ ಆ ರೈಲ್ವೆ ಸ್ಟೇಷನ್ ಎದುರಿಗೇ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ಮೇಲೆ ಈಸ್ಟ್ ಇಂಡಿಯಾ ಕಂಪನಿಯೋರು ಮೈಸೂರಿನ ಬಗ್ಗೆ ಬರ್ಕೊಂಡಿದ್ದು ಬೇಕಾದ್ರೆ ಅಲ್ಲಿಗೆ ಹೋಗ್ಲೇಬೇಕು. ಊರ ಕೆರೆ ತೂಬಿನ ರಿಪೇರಿ ಲೆಕ್ಕಕ್ಕೆಲ್ಲ ಅಷ್ಟು ದೂರ ಬೇಡ, 1831ರಿಂದ 1881ರ ತನಕ ಬ್ರಿಟಿಷ್ ಕಮಿಷನರ್‌ಗಳು ಮೈಸೂರು ಆಳಿದ ಕಾಲದ ಫೈಲು ಬೆಂಗಳೂರಲ್ಲೇ ನೋಡಿ.

ನನ್ ಓಟು ಲಾಡ್ಜ್‌ಗೆ, ಆದ್ರೆ ಮೊದಲ್ನೇ ಸಲ ಅಪ್ ಡೌನೇ ಮಾಡಿ, ಬರೀ ಕ್ಯಾಟಲಾಗ್ ನೋಡಿ ಫೈಲ್ ನಂಬರ್ ಪಟ್ಟಿ ಮಾಡ್ಕೊಂಡು ವಾಪಸ್ ಬನ್ನಿ, ಪಟ್ಟಿ ಉದ್ದ ಆದ್ಮೇಲೆ ರೂಮ್ ಮಾಡಿ. ನಿಮ್ ಸಂಶೋಧನೆ ಗೈಡ್ ಬರ್ಕೊಟ್ಟ ಲೆಟರ್, ಐಡಿ ಜೊತೇಲಿರ್ಲಿ. ಹಳೇ ಇಂಗ್ಲಿಷ್ ಪಟ್ಟಿಲಿ ಬಂಗಾರಪೇಟೆ ಹುಡುಕಿದ್ರೆ ಸಿಗಲ್ಲ, ಬೌರಿಂಗ್‌ಪೇಟೆ ಅಂತ ನೋಡಿ. ಶಾಸನಕ್ಕಂತೂ ಎಲ್ಲಿಗೂ ಹೋಗ್ಬೇಡಿ, ಬಿ.ಎಲ್. ರೈಸ್ ಅವ್ರ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ 10ನೇ ಸಂಪುಟ ಪೂರ್ತಿ ಕೋಲಾರ ಜಿಲ್ಲೇದೇ, 1905ರದ್ದು, ಇಂಟರ್ನೆಟ್ಟಲ್ಲಿ ಫ್ರೀ ಇದೆ, ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆಗಿದ್ದು 2007ರಲ್ಲಿ ಅಲ್ವಾ, ಹಂಗಾಗಿ ಗುಡಿಬಂಡೆ, ಗೌರಿಬಿದನೂರು ಕಡೆಯೋರಿಗೂ ಅದೇ ಪುಸ್ತಕ.